ನರಕೋಶದ ಸ್ಪೈಕ್ (ಕ್ಷಣಿಕ ವಿದ್ಯುತ್ ಮಿಡಿತ) ಎಲ್ಲಾ ಒಂದೇ ಎತ್ತರ ಅಂದ್ಮೇಲೆ ಮೆಲ್ಲಗೆ ಮುಟ್ಟಿದ್ದು, ಜೋರಾಗಿ ಒತ್ತಿದ್ದು ಮಿದುಳಿಗೆ ಹೇಗೆ ಗೊತ್ತಾಗತ್ತೆ?

ಶಿರಸಿ_ಅಕ್ಕೋರು
ಹೈಸ್ಕೂಲ್ ಮಕ್ಕಳಿಗೆ ನರಮಂಡಲದ ಪಾಠ ನಡೀತಿದೆ. ನರಕೋಶದ ಸ್ಪೈಕ್ ಬಂದ್ರೆ ಪೂರ್ತಿ ಬರತ್ತೆ, ಇಲ್ಲಾಂದ್ರೆ ಬರೋದೇ ಇಲ್ಲ ಅಂದ ಕೂಡಲೇ ಒಬ್ಬಳು ಈ ಪ್ರಶ್ನೆ ಹಾಕಿದಳು. "ಸಂಖ್ಯೆ ಜಾಸ್ತಿ ಆಗತ್ತೆ" ಅಂದ್ರೆ ಸಾಕಾ? ಕ್ಲಾಸಲ್ಲೇ ತೋರಿಸಬಹುದಾ?

ಕಾಳಿಸಂಗಮ
ಸಂಖ್ಯೆ ಮುಖ್ಯ, ಆದ್ರೆ ಅದೊಂದೇ ಅಲ್ಲ ಅಕ್ಕೋರೆ. ಸುಮ್ಮನಿದ್ದಾಗ ಕೋಶದ ಒಳಗೆ ಸುಮಾರು -70 ಮಿಲಿವೋಲ್ಟ್. ಅದು -55ರ ಹತ್ತಿರ ಬಂದ್ರೆ ಕೋಶದ ಪೊರೆಯಲ್ಲಿ ಸೋಡಿಯಂ ಒಳಗೆ ಬಿಡೋ ಬಾಗಿಲುಗಳು, ಅಂದ್ರೆ ಸೋಡಿಯಂ ಚಾನೆಲ್‌ಗಳು ಒಟ್ಟಿಗೇ ತೆರೆದು +30ರ ಆಸುಪಾಸಿಗೆ ಏರಿ, ಒಂದೆರಡು ಮಿಲಿಸೆಕೆಂಡಲ್ಲಿ ಇಳಿದೂ ಬಿಡತ್ತೆ. ಎಷ್ಟು ಎತ್ತರ ಅನ್ನೋದು ಒಳಗೆ-ಹೊರಗೆ ಸೋಡಿಯಂ ಎಷ್ಟಿದೆ ಅನ್ನೋದರ ಮೇಲೆ, ಒತ್ತಿದ ಬಲದ ಮೇಲಲ್ಲ. ಬಲ ಜಾಸ್ತಿಯಾದ ಹಾಗೆ ಸ್ಪೈಕ್‌ಗಳು ಹತ್ತಿರ ಹತ್ತಿರ ಬರ್ತವೆ. 1926ರಲ್ಲಿ ವಿಜ್ಞಾನಿಗಳಾದ ಏಡ್ರಿಯನ್ ಮತ್ತು ಜೊಟ್ಟರ್‌ಮನ್ ಕಪ್ಪೆಯ ಸ್ನಾಯುವಿಗೆ ಬೇರೆ ಬೇರೆ ತೂಕ ಕಟ್ಟಿ ಇದನ್ನೇ ತೋರಿಸಿದ್ರು. ಆದ್ರೆ ಒಮ್ಮೆ ಸ್ಪೈಕ್ ಆದ್ಮೇಲೆ ಸುಮಾರು 1 ಮಿಲಿಸೆಕೆಂಡ್ ಆ ಚಾನೆಲ್‌ಗಳು ಮತ್ತೆ ತೆರೆಯೋದಿಲ್ಲ, ಹಾಗಾಗಿ ಒಂದು ನರತಂತು ಸೆಕೆಂಡಿಗೆ ಸಾವಿರ ಸ್ಪೈಕ್ ದಾಟೋದು ಕಷ್ಟ. ಜೊತೆಗೆ, ಬಲ ಜಾಸ್ತಿಯಾದ ಹಾಗೆ, ಮೆಲ್ಲಗೆ ಮುಟ್ಟಿದ್ರೆ ಏಳದ ತಂತುಗಳೂ ಸೇರಿಕೊಳ್ತವೆ.

ಅಪ್ಪೆಮಿಡಿ
ಯಾವ ತಂತು ಅನ್ನೋದೂ ಮಾಹಿತಿಯೇ. ತಣ್ಣನೆಯ ಅಪ್ಪೆಹುಳಿಗೆ ಸೂಜಿಮೆಣಸು ಹಾಕಿದ್ರೂ ಬಾಯಿ ಉರಿಯತ್ತಲ್ಲ? ಸುಮಾರು 43 ಡಿಗ್ರಿ ದಾಟಿದ್ರೆ ತೆರೆಯೋ ಚಾನೆಲ್ಲನ್ನೇ ಮೆಣಸಿನ ಕ್ಯಾಪ್ಸೈಸಿನ್ ತೆರೆಯತ್ತೆ. ಆ ತಂತು ಸ್ಪೈಕ್ ಕಳಿಸಿದ್ರೆ ಮಿದುಳು ಬಿಸಿ ಅಂತಲೇ ಓದತ್ತೆ.

ಬೇಲೆಕೇರಿ_ಲ್ಯಾಬ್
ತೋರಿಸಬಹುದು, ಜಿರಳೆ ಕಾಲಲ್ಲಿ. ಐಸ್ ನೀರಲ್ಲಿ ಹಾಕಿ, ಅಲ್ಲಾಡೋದು ಪೂರ್ತಿ ನಿಂತ ಮೇಲೇ ಒಂದು ಕಾಲು ಬುಡದಿಂದ ಕತ್ತರಿಸಿ. ಬುಡದ ಭಾಗಕ್ಕೊಂದು, ತೊಡೆಗೊಂದು ಗುಂಡುಸೂಜಿ. ಎರಡೂ ಒಂದಕ್ಕೊಂದು ತಾಗಿದ್ರೆ ಏನೂ ಬರೋದಿಲ್ಲ. ಸಿಗ್ನಲ್ ಒಂದು ಮಿಲಿವೋಲ್ಟಿಗಿಂತ ಕಮ್ಮಿ, ಅದಕ್ಕೆ ನೂರಾರು ಪಟ್ಟು ಹಿಗ್ಗಿಸೋ ಆಂಪ್ಲಿಫೈಯರ್, ಸ್ಪೀಕರ್ ಬೇಕು. ಮುಳ್ಳುಗೂದಲನ್ನ ಹಲ್ಲುಕಡ್ಡಿಯಿಂದ ಮುಟ್ಟಿ: ಅರಳು ಸಿಡಿದ ಹಾಗೆ ಚಟಪಟ ಕೇಳತ್ತೆ.

ಕೆಡೋದು ಹೆಚ್ಚಾಗಿ ಕರೆಂಟಿನ 50 ಹರ್ಟ್ಸ್ ಗುಂಯ್ ಸದ್ದಿಂದ. 9 ವೋಲ್ಟ್ ಬ್ಯಾಟರಿಯಲ್ಲೇ ನಡೆಸಿ, ಹತ್ತಿರದ ಚಾರ್ಜರ್, ಟ್ಯೂಬ್‌ಲೈಟ್ ಆಫ್ ಮಾಡಿ, ಅಲ್ಯೂಮಿನಿಯಂ ಹಾಳೆ ಮುಚ್ಚಿ ಅದನ್ನ ಗ್ರೌಂಡಿಗೆ ಜೋಡಿಸಿ. ಕತ್ತರಿಸಿದ ತುದಿ ಒಣಗಿದ್ರೂ ಸದ್ದು ಸಾಯತ್ತೆ, ವ್ಯಾಸಲೀನ್ ಹಚ್ಚಿ. ಕಾಲಿನ ಬದಲು ಒದ್ದೆ ಹತ್ತಿಗೆ ಸೂಜಿ ಚುಚ್ಚಿಯೂ ಒಮ್ಮೆ ಕೇಳಿಸಿ. ಆಗಲೂ ಚಟಪಟ ಬಂದ್ರೆ ಅದು ನರದ್ದಲ್ಲ.

ಶಿರಸಿ_ಅಕ್ಕೋರು
ಕೂದಲು ಒತ್ತಿ ಹಾಗೇ ಹಿಡಿದ್ರೆ?

ಕಾಳಿಸಂಗಮ
ಮೊದಲು ಜೋರು, ಆಮೇಲೆ ವಿರಳ. ಸೂಜಿ ಸಡಿಲ ಆಗಿರಬೇಕು ಅಂತ ಮಕ್ಕಳು ಅಂದ್ಕೊಳ್ತಾರೆ, ಅಲ್ಲ. ಸ್ಪರ್ಶ ಗುರುತಿಸೋ ಈ ಗ್ರಾಹಕಗಳು ಬಲಕ್ಕಿಂತ ಬಲದ ಬದಲಾವಣೆಗೆ ಹೆಚ್ಚು ಸ್ಪಂದಿಸ್ತವೆ. ಹಾಗಾಗಿ ಎಣಿಸೋದಾದ್ರೆ ಒತ್ತಿದ ಮೊದಲ ಅರ್ಧ ಸೆಕೆಂಡಿನದ್ದು, ಆಮೇಲಿನದ್ದು ಬೇರೆ ಬೇರೆ ಬರೆಸಿ. ಎರಡನ್ನೂ ಸೇರಿಸಿ ಸರಾಸರಿ ತೆಗೆದ್ರೆ ಮೆಲ್ಲಗೆ ಮುಟ್ಟಿದ್ದಕ್ಕೂ ಜೋರಾಗಿ ಒತ್ತಿ ಹಿಡಿದದ್ದಕ್ಕೂ ಒಂದೇ ಲೆಕ್ಕ ಬಂದುಬಿಡಬಹುದು.