ಪದಚರ್ಚೆ: ಯಕೃತ್ತನ್ನು ತಪ್ಪಿಸಿ ಹೋಗುವ ರಕ್ತನಾಳಕ್ಕೆ ಏನನ್ನೋಣ?

ಗೆಳೆಯರೆ,
ಎಳೆಮಕ್ಕಳ ತಂದೆತಾಯಿಯರಿಗೆ ಕೊಡುವ ಮಾಹಿತಿಪತ್ರ ನಾಳೆ ಅಚ್ಚಿಗೆ ಹೋಗಬೇಕು. ‘ಪೋರ್ಟೋಸಿಸ್ಟೆಮಿಕ್ ಶಂಟ್’ ಅನ್ನುವಲ್ಲಿ ಕೆಲಸ ನಿಂತಿದೆ. ಕರುಳಿನ ರಕ್ತವನ್ನು ಯಕೃತ್ತಿಗೆ ಒಯ್ಯುವುದು ಪೋರ್ಟಲ್ ಅಭಿಧಮನಿ. ಕೆಲವು ಮಕ್ಕಳಲ್ಲಿ ಅದಕ್ಕೆ ಹುಟ್ಟಿನಿಂದಲೇ ಒಂದು ಕವಲಿದ್ದು, ಆ ರಕ್ತ ಯಕೃತ್ತಿಗೆ ಹೋಗದೆ, ಹೃದಯಕ್ಕೆ ಮರಳುವ ಮಹಾಭಿಧಮನಿಗೆ ನೇರ ಸೇರಿಬಿಡುತ್ತದೆ. ‘ಅಡ್ಡದಾರಿ’ ಎಂದು ಬರೆದಿದ್ದೇನೆ. ನಡೆಯುತ್ತದೆಯೇ?

ಮರು:
ಬೇಡ. ‘ಅಡ್ಡದಾರಿ ಹಿಡಿದ’ ಅಂದರೆ ಕೆಟ್ಟುಹೋದ ಎಂದರ್ಥ. ‘ಬಳಸುನಾಳ’ ಅನ್ನಿ. ಯಕೃತ್ತೂ ಬೇಡ, ‘ಈಲಿ’ ಇದೆ. ತಮಿಳಿನ ‘ಈರಲ್’ ಪಕ್ಕದಲ್ಲಿಟ್ಟು ನೋಡಿ. ಮನೆಯ ಮಾತು ಇರುವಾಗ ಸಂಸ್ಕೃತದ ಸಾಲವೇಕೆ?

ಮರು:
ಬಳಸುವುದು ಅಂದರೆ ಸುತ್ತಿಕೊಂಡು ಬಂದು ಸೇರುವುದು. ಈ ರಕ್ತ ಯಕೃತ್ತಿಗೆ ಬರುವುದೇ ಇಲ್ಲ, ತೊಂದರೆಯ ಬೇರೇ ಅದು. ಯಕೃತ್ತಿಗೆ ಸಿಗುವ ರಕ್ತದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಪೋರ್ಟಲ್ ಅಭಿಧಮನಿಯದು. ಅದು ತಪ್ಪಿದರೆ ಯಕೃತ್ತು ಸೊರಗುತ್ತದೆ, ಹೃದಯದ ಕಡೆಯಿಂದ ರಕ್ತ ತರುವ ಅಪಧಮನಿಯ ಹರಿವು ಹೆಚ್ಚಿ ಅದರಲ್ಲಿ ಗಂಟುಗಳೇಳುತ್ತವೆ. ಯಕೃತ್ತಿನಲ್ಲಿ ಯೂರಿಯಾ ಆಗಬೇಕಿದ್ದ ಅಮೋನಿಯ ಮಿದುಳು ಮುಟ್ಟಿ ಮಂಕು ಕವಿಯುತ್ತದೆ, ಕಲಿಕೆ ಹಿಂದೆ ಬೀಳುತ್ತದೆ. ಶ್ವಾಸಕೋಶದ ನಾಳಗಳು ಹಿಗ್ಗಿ ರಕ್ತದ ಆಮ್ಲಜನಕ ಇಳಿಯುವುದೂ ಉಂಟು. ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಅಬರ್ನೆಥಿ 1793ರಲ್ಲೇ ಇಂಥ ಮಗುವಿನ ದೇಹರಚನೆ ವರ್ಣಿಸಿದ್ದಾನೆ.

ಮೊದಲ ಸಲ ‘ಯಕೃತ್ತನ್ನು ತಪ್ಪಿಸುವ ನಾಳ, ಅಂದರೆ ಶಂಟ್’ ಎಂದು ಬರೆಯಿರಿ, ಮುಂದೆ ಶಂಟ್ ಸಾಕು. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನಿನ ವರದಿಯಲ್ಲಿ ಅವರ ಕಣ್ಣಿಗೆ ಬೀಳುವುದು ಆ ಪದವೇ. ಕರಡು ತಿದ್ದುವಾಗ ‘ಅಪ’ ಮತ್ತು ‘ಅಭಿ’ಯ ಮೇಲೆ ಕಣ್ಣಿಡಿ, ಅದಲುಬದಲಾದರೆ ಪತ್ರವೇ ಸುಳ್ಳಾಗುತ್ತದೆ.

ಮರು:
ಹೀಗೆ ಕೈಚೆಲ್ಲಿಯೇ ವೈದ್ಯಕೀಯ ಕನ್ನಡ ಬೆಳೆಯಲಿಲ್ಲ. ರಕ್ತಕ್ಕೆ ‘ನೆತ್ತರು’ ಅನ್ನಲು ಯಾರ ಅಡ್ಡಿಯೂ ಇಲ್ಲವಲ್ಲ!

ಮರು:
ಅಮೋನಿಯ, ಯೂರಿಯಾ ಒಪ್ಪಿದವರಿಗೆ ಶಂಟ್ ಮಾತ್ರ ಮೈಲಿಗೆಯೇ? ತಾಯಿ ಓದಿ ಮಗುವನ್ನು ಹೊತ್ತಿಗೆ ಸರಿಯಾಗಿ ಕರೆತರಬೇಕು. ಶುದ್ಧಿಯ ಜಗಳ ಆಮೇಲೆ.

ಮರು:
ವಂದನೆ, ಶಂಟ್ ಉಳಿಸಿದೆ. ಚಿಕಿತ್ಸೆಯ ಸಾಲಿನಲ್ಲಿ ‘ನಾಳ ಕಟ್ಟುವುದು’ ಅನ್ನಲೇ, ‘ಮುಚ್ಚುವುದು’ ಅನ್ನಲೇ?

ಮರು:
‘ಮುಚ್ಚುವುದು’. ನಾಳ ‘ಕಟ್ಟಿಕೊಂಡಿತು’ ಅಂದರೆ ತಾನಾಗಿ ಅಡಚಿತು ಎಂದಾಗುತ್ತದೆ. ‘ಒಂದೇ ಸಲಕ್ಕೆ’ ಎಂದು ಮಾತ್ರ ಸೇರಿಸಬೇಡಿ. ಮೊದಲು ಶಂಟನ್ನು ಬಲೂನಿನಿಂದ ತಡೆದು ಪೋರ್ಟಲ್ ಒತ್ತಡ ಅಳೆಯುತ್ತಾರೆ. ಅದು ತೀರಾ ಏರಿದರೆ ಶಂಟನ್ನು ಕಿರಿದು ಮಾಡಿ ಬಿಡುತ್ತಾರೆ; ಯಕೃತ್ತಿನೊಳಗಿನ ಎಳೆಯಂಥ ಪೋರ್ಟಲ್ ಕವಲುಗಳು ಹಿಗ್ಗಿದ ಮೇಲೆ ಪೂರ್ತಿ ಮುಚ್ಚುತ್ತಾರೆ.