ಪ್ರಶ್ನೋತ್ತರ: ಅಳಿಸಿದರೂ ಮತ್ತೆ ಹತ್ತುವ ಚೆಕ್ ಎಂಜಿನ್ ದೀಪ

ಹಾಸನದ ಸದಸ್ಯರು: ನಮಸ್ಕಾರ ಸರ್. ನನ್ನದು 2020ರ ಬಿಎಸ್6 ಪೆಟ್ರೋಲ್ ಕಾರು, 88,000 ಕಿ.ಮೀ. ಓಡಿದೆ. ಎಂಜಿನ್ ದೀಪ ಹತ್ತಿದಾಗ ಸ್ಕ್ಯಾನರಿನಲ್ಲಿ ಪಿ0420 ಎಂಬ ದೋಷದ ಕೋಡ್ ಬಂದಿತು. ಗ್ಯಾರೇಜಿನವರು ಹಿಂದಿನ ಆಕ್ಸಿಜನ್ ಸೆನ್ಸರ್ ಬದಲಿಸಿ ಕೋಡ್ ಅಳಿಸಿದರು. ನಾಲ್ಕನೆಯ ದಿನ ಸಕಲೇಶಪುರದಿಂದ ಬರುವಾಗ ಮತ್ತೆ ಹತ್ತಿತು. ಈಗ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ಬದಲಿಸಬೇಕು ಎನ್ನುತ್ತಿದ್ದಾರೆ. ಓಡಿಸುವಾಗ ಯಾವ ವ್ಯತ್ಯಾಸವೂ ಇಲ್ಲ, ಎರಡು ಸರ್ವಿಸಿನ ನಡುವೆ ಎರಡು ಸಲ ಆಯಿಲ್ ಹಾಕಿಸಬೇಕಾಯಿತು, ಅಷ್ಟೇ.

ಮೆಕ್ಯಾನಿಕ್: ನೀವು ಕೊನೆಯಲ್ಲಿ ಹೇಳಿದ ಆಯಿಲಿನ ವಿಷಯವೇ ನನಗೆ ಚಿಂತೆ ತಂದಿದೆ. ಪಿ0420 ಎಂದರೆ ಕನ್ವರ್ಟರ್ ಹೊಗೆಯನ್ನು ಬೇಕಾದಷ್ಟು ಶುದ್ಧ ಮಾಡುತ್ತಿಲ್ಲ ಎಂದಷ್ಟೇ ಅರ್ಥ. ಅದನ್ನು ಕೆಡಿಸಿದ್ದು ಯಾವುದು ಎಂಬುದನ್ನು ಕೋಡ್ ಹೇಳುವುದಿಲ್ಲ. ಬಿಸಿಯಾದ ಎಂಜಿನ್ನಿನಲ್ಲಿ ಕನ್ವರ್ಟರಿನ ಮುಂದಿನ ಸೆನ್ಸರಿನ ವೋಲ್ಟೇಜು 0.1ರಿಂದ 0.9ರವರೆಗೆ ಏರಿಳಿಯುತ್ತಿರಬೇಕು, ಹಿಂದಿನದು 0.6, 0.7ರ ಆಸುಪಾಸಿನಲ್ಲಿ ಹೆಚ್ಚು ಕದಲದೆ ನಿಲ್ಲಬೇಕು. ಹಿಂದಿನದೂ ಮುಂದಿನದರಂತೆಯೇ ಕುಣಿಯುತ್ತಿದ್ದರೆ ಕನ್ವರ್ಟರ್ ಸೋತಿದೆ. ಆದರೆ ಅದಕ್ಕೂ ಮೊದಲು, ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಸೈಲೆನ್ಸರಿನ ಬಳಿ ಒಬ್ಬರನ್ನು ನಿಲ್ಲಿಸಿ ನೋಡಿ: ಮೊದಲ ಕೆಲವು ಕ್ಷಣ ನೀಲಿ ಹೊಗೆ ಬರುತ್ತದೆಯೇ? ಎಂಜಿನ್ನಿನಿಂದ ಹೊಗೆ ಹೊರಬರುವ ಮ್ಯಾನಿಫೋಲ್ಡಿನ ಜಾಯಿಂಟಿನಲ್ಲಿ ಕಪ್ಪು ಮಸಿಯ ಗೆರೆ ಇದ್ದು ಟಿಕ್ ಟಿಕ್ ಸದ್ದು ಬರುತ್ತದೆಯೇ? ಅಲ್ಲಿ ಗ್ಯಾಸ್ಕೆಟ್ ಸೋರಿ ಹೊರಗಿನ ಗಾಳಿ ಸೇರಿದರೂ ಸೆನ್ಸರ್ ತಪ್ಪು ಓದುತ್ತದೆ.

ಮಂಡ್ಯದ ಸದಸ್ಯರು: ಬ್ಯಾಟರಿಯ ಟರ್ಮಿನಲನ್ನು ಹದಿನೈದು ನಿಮಿಷ ಬಿಚ್ಚಿಟ್ಟರೆ ದೀಪ ಹೋಗುತ್ತದೆ ಎಂಬ ಸಂದೇಶ ಬಂದಿದೆ. ನಾನೂ ಮಾಡಿದ್ದೇನೆ.

ಮೆಕ್ಯಾನಿಕ್: ದೀಪ ಹೋಗುತ್ತದೆ, ದೋಷ ಹೋಗುವುದಿಲ್ಲ. ಕೋಡ್ ಬಿದ್ದ ಗಳಿಗೆಯ ವೇಗ, ಉಷ್ಣತೆ, ಲೋಡ್ ಎಲ್ಲವನ್ನೂ ಕಂಪ್ಯೂಟರ್ ಬರೆದಿಟ್ಟುಕೊಂಡಿರುತ್ತದೆ. ಆ ಮಾಹಿತಿಯನ್ನೂ ನೀವೇ ಅಳಿಸಿಹಾಕುತ್ತೀರಿ.

ದಾವಣಗೆರೆಯ ಸದಸ್ಯರು: ಟ್ಯಾಂಕಿಗೆ ಥಿನ್ನರ್ ಹಾಕಿ ಹೈವೇಯಲ್ಲಿ ಓಡಿಸಿದರೆ ಕನ್ವರ್ಟರ್ ತೊಳೆದಂತಾಗುತ್ತದೆಯಂತೆ, ವಿಡಿಯೋ ಹಾಕಲೇ?

ಮೆಕ್ಯಾನಿಕ್: ಹಾಕಬೇಡಿ. ಥಿನ್ನರ್ ಪೆಟ್ರೋಲ್ ವ್ಯವಸ್ಥೆಯ ರಬ್ಬರ್ ಭಾಗಗಳನ್ನು ಹಾಳು ಮಾಡಬಲ್ಲದು. ಕನ್ವರ್ಟರಿನ ಒಳಗಿನ ಜೇನುಗೂಡಿನಂಥ ಭಾಗದ ಮೇಲಿರುವ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪವನ್ನು ಆಯಿಲಿನ ರಂಜಕ ಮುಚ್ಚಿದ್ದರೆ ಯಾವ ಥಿನ್ನರಿನಿಂದಲೂ ಅದು ಬಿಡುವುದಿಲ್ಲ.

ತುಮಕೂರಿನ ಸದಸ್ಯರು: ಎಲ್ಲಕ್ಕೂ ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲೇ ಕಾರಣ. ಅದು ಬಂದ ಮೇಲೆಯೇ ನನ್ನ ಗಾಡಿಯಲ್ಲೂ ದೀಪ ಹತ್ತಲು ಶುರುವಾಗಿದ್ದು.

ಮೈಸೂರಿನ ಸದಸ್ಯರು: ಪುರಾವೆ ಇಲ್ಲದೆ ಹಾಗೆ ಹೇಳಬಾರದು. ನಾನೂ ಅದನ್ನೇ ಹಾಕಿಸುತ್ತಿದ್ದೇನೆ, ನನಗೆ ತೊಂದರೆಯಾಗಿಲ್ಲ.

ತುಮಕೂರಿನ ಸದಸ್ಯರು: ನಿಮಗೆ ಆಗಿಲ್ಲವೆಂದರೆ ಯಾರಿಗೂ ಆಗಿಲ್ಲವೆಂದು ಅರ್ಥವೇ? ಮೈಲೇಜ್ ಇಳಿದಿರುವುದನ್ನು ನಾನೇ ಲೆಕ್ಕ ಹಾಕಿದ್ದೇನೆ.

ಮೈಸೂರಿನ ಸದಸ್ಯರು: ಮೈಲೇಜಿನ ಮಾತನ್ನು ಇಲ್ಲಿ ಕೇಳಿದವರು ಯಾರು? ಕೋಡ್ ಯಾವುದೆಂದು ಹೇಳಿ, ಆಮೇಲೆ ವಾದ ಮಾಡಿ.

ಉಡುಪಿಯ ಸದಸ್ಯೆ: ಹೊರಗಡೆ ಸಿಎನ್‌ಜಿ ಕಿಟ್ ಹಾಕಿಸಿದ ಕಾರಿಗೂ ಇದೇ ಕೋಡ್ ಬರುತ್ತದೆಯೇ, ದಯವಿಟ್ಟು ತಿಳಿಸಿ.

ಮೆಕ್ಯಾನಿಕ್: ಇ20ರ ಬಗ್ಗೆ ಒಂದೇ ಮಾತು. ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ ಕಂಪ್ಯೂಟರ್ ಇಂಧನವನ್ನು ಸ್ವಲ್ಪ ಹೆಚ್ಚು ಬಿಡುತ್ತದೆ. ಆ ಹೊಂದಾಣಿಕೆ ಮಿತಿ ಮೀರಿದರೆ ಬರುವುದು ಗಾಳಿಗೆ ತಕ್ಕಷ್ಟು ಇಂಧನವಿಲ್ಲ ಎನ್ನುವ ಪಿ0171, ಪಿ0420 ಅಲ್ಲ. ಜಗಳವನ್ನು ಬೇರೆಡೆ ಮುಂದುವರಿಸಿ.

ಬಳ್ಳಾರಿಯ ಸದಸ್ಯರು: ನನಗೂ ದೀಪ ಹತ್ತಿದೆ, ಏನು ಮಾಡಲಿ?

ಮೆಕ್ಯಾನಿಕ್: ಕೋಡ್ ಓದಿಸಿ.

ಬಳ್ಳಾರಿಯ ಸದಸ್ಯರು: ಏರಿನಲ್ಲಿ ದೀಪ ಮಿನುಗುತ್ತದೆ, ಗಾಡಿ ನಡುಗುತ್ತದೆ.

ಮೆಕ್ಯಾನಿಕ್: ಇದನ್ನು ಮೊದಲೇ ಹೇಳಬೇಕಿತ್ತು. ಮಿನುಗುವ ದೀಪಕ್ಕೆ ಅರ್ಥವೇ ಬೇರೆ. ಒಂದು ಸಿಲಿಂಡರ್ ಸರಿಯಾಗಿ ಉರಿಯದೆ, ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಒಳಗಿನ ಜೇನುಗೂಡನ್ನೇ ಕರಗಿಸುತ್ತದೆ. ಓಡಿಸಬೇಡಿ, ಟೋ ಮಾಡಿಸಿ, ಪ್ಲಗ್ ಮತ್ತು ಕಾಯಿಲ್ ನೋಡಿಸಿ.

ಬೆಳಗಾವಿಯ ಸದಸ್ಯರು: ಕನ್ವರ್ಟರಿನ ಒಳಭಾಗ ತೆಗೆಸಿ ಖಾಲಿ ಪೈಪ್ ಮಾಡಿಸಿದರೆ ಖರ್ಚೇ ಇಲ್ಲವಲ್ಲ?

ಮೆಕ್ಯಾನಿಕ್: ಮಾಲಿನ್ಯದ ಮಿತಿ ಮೀರಿ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯಲ್ಲಿ ದಂಡ 10,000 ರೂಪಾಯಿಯವರೆಗೆ ಇದೆ. ಆ ಹೊಗೆ ಕುಡಿಯುವವರು ನಿಮ್ಮ ಬೀದಿಯ ಮಕ್ಕಳೇ. ಈ ಪ್ರಶ್ನೆಯನ್ನು ನನಗೆ ಮತ್ತೆ ಕೇಳಬೇಡಿ.

ಬೆಳಗಾವಿಯ ಸದಸ್ಯರು: ಕೇಳಿದ್ದಕ್ಕೆ ಇಷ್ಟು ಸಿಟ್ಟು ಏಕೆ? ಸಲಹೆ ಕೊಡಲು ಬಂದವರಿಗೆ ತಾಳ್ಮೆ ಇರಬೇಕು.

ಹಾಸನದ ಸದಸ್ಯರು: ಸರ್, ಇಂದು ಬೆಳಿಗ್ಗೆ ಮಗನನ್ನು ಹಿಂದೆ ನಿಲ್ಲಿಸಿದ್ದೆ. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದು ಅರ್ಧ ನಿಮಿಷದಲ್ಲಿ ನಿಂತಿತು. ಮಸಿಯಾಗಲಿ ಟಿಕ್ ಟಿಕ್ ಸದ್ದಾಗಲಿ ಇಲ್ಲ. ಹಿಂದಿನ ಸೆನ್ಸರಿನ ವೋಲ್ಟೇಜು 0.2ರಿಂದ 0.8ರವರೆಗೆ ಕುಣಿಯುತ್ತಿದೆ.

ಮೆಕ್ಯಾನಿಕ್: ಹಾಗಿದ್ದರೆ ಕನ್ವರ್ಟರ್ ಸೋತಿರುವುದು ಬಹುಮಟ್ಟಿಗೆ ನಿಜ, ಆದರೆ ಅದನ್ನು ಈಗಲೇ ಕೊಳ್ಳಬೇಡಿ. ರಾತ್ರಿಯಿಡೀ ವಾಲ್ವ್ ಸೀಲಿನಿಂದ ಸಿಲಿಂಡರಿಗೆ ಇಳಿದ ಆಯಿಲ್ ಬೆಳಿಗ್ಗೆ ಉರಿಯುತ್ತಿರುವ ಲಕ್ಷಣ ಇದು. ಮೊದಲು ಎಂಜಿನ್ನಿನ ಒಳಗಿನ ಆವಿಯನ್ನು ಹೊರಗೆಳೆಯುವ ಪಿಸಿವಿ ವಾಲ್ವ್ ನೋಡಿಸಿ, ಅದಕ್ಕೆ ಹೆಚ್ಚು ಖರ್ಚಿಲ್ಲ. ಆಮೇಲೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿದರೆ ಪಿಸ್ಟನ್ ರಿಂಗ್ ಸವೆದಿದೆಯೇ ತಿಳಿಯುತ್ತದೆ. ರಿಂಗ್ ಸರಿಯಿದ್ದರೆ ಸೀಲ್ ಬದಲಿಸಿ. ಆಯಿಲ್ ಕುಡಿಯುವುದು ನಿಂತ ಮೇಲೆಯೇ ಕನ್ವರ್ಟರ್ ಹಾಕಿಸಿ. ಇಲ್ಲದಿದ್ದರೆ ಹೊಸದೂ ಹೀಗೇ ಹಾಳಾಗುತ್ತದೆ.

ಉಡುಪಿಯ ಸದಸ್ಯೆ: ಸಿಎನ್‌ಜಿ ವಿಷಯ ಕೇಳಿದ್ದೆ ಸರ್.

ಕಲಬುರಗಿಯ ಸದಸ್ಯರು: ನನ್ನ ಕಾರಿಗೂ ದೀಪ ಹತ್ತಿದೆ, ಏನು ಮಾಡಲಿ?