ಕೆಲಸದ ಮೇಲೆ ಲಕ್ಷ್ಯ ನಿಲ್ಲುತ್ತಿಲ್ಲ: ಮನೋವೈದ್ಯೆಗೆ ಕೇಳಿ

ಅಡ್ಮಿನ್, ನವನಗರ: ಎಲ್ಲರಿಗೂ ನಮಸ್ಕಾರ. ನಮ್ಮ ಬಾಗಲಕೋಟೆಯಲ್ಲೇ ಇರುವ ಮನೋವೈದ್ಯೆ ಮೇಡಂ ಇವತ್ತು ಸಂಜೆ ಗುಂಪಿನಲ್ಲಿ ಇರುತ್ತಾರೆ. ಕೈಯಲ್ಲಿರುವ ಕೆಲಸದ ಮೇಲೆ ಲಕ್ಷ್ಯ ನಿಲ್ಲದವರು ಕೇಳಿ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಬೇಡ.

ಇಳಕಲ್ ನೇಕಾರ: ಮೇಡಂ, ನಮ್ಮದು ಕೈಮಗ್ಗ. ಸೀರೆ ಒಡಲಿನ ಹಾಸಿನ ಜೊತೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸಬೇಕು. ಎಳೆ ಎಳೆ ಎಣಿಸಿ ಹಿಡಿದು ಮಾಡುವ ಕೆಲಸ. ನಡುವೆ ಫೋನ್ ಒಮ್ಮೆ ಟಿಂಗ್ ಅಂದರೆ ಸಾಕು, ಎಲ್ಲಿದ್ದೆ ಅನ್ನುವುದೇ ಹೋಗಿಬಿಡುತ್ತದೆ. ವಯಸ್ಸು 41. ಮರೆವಿನ ಕಾಯಿಲೆ ಶುರುವಾಯಿತಾ?

ಡಾಕ್ಟರ್: ಇಲ್ಲ ಅಣ್ಣಾ, ಹೆದರಬೇಡಿ. ಎಣಿಸುತ್ತಿರುವ ಅಂಕಿ ತಲೆಯಲ್ಲಿ ಕೆಲವೇ ಕ್ಷಣ ನಿಲ್ಲುತ್ತದೆ. ಅಲ್ಲಿ ಜಾಗ ಬಹಳ ಕಡಿಮೆ. ಹೊಸ ಸದ್ದು ಒಳಗೆ ಬಂದರೆ ಎಣಿಕೆ ಹೊರಗೆ ಬೀಳುತ್ತದೆ. 20 ವರ್ಷದ ಹುಡುಗನಿಗೂ ಹೀಗೇ ಆಗುತ್ತದೆ. ಫೋನ್ ಸೈಲೆಂಟ್ ಮಾಡಿ ಮಗ್ಗದ ಮೇಲೆ ಇಡಬೇಡಿ. ಬೇರೆ ಕೋಣೆಯಲ್ಲಿಡಿ. ಏಳಲೇಬೇಕಾಗಿ ಬಂದರೆ, ಏಳುವ ಮೊದಲು ನಿಂತ ಎಳೆಗೆ ಬಣ್ಣದ ದಾರದ ತುಂಡು ಕಟ್ಟಿ.

ಇಳಕಲ್ ನೇಕಾರ: ನಮ್ಮ ಅಪ್ಪ ಕೆಂಪು ದಾರ ಕಟ್ಟುತ್ತಿದ್ದರು ಮೇಡಂ. ನಾನೇ ಬಿಟ್ಟುಬಿಟ್ಟೆ.

ಗುಳೇದಗುಡ್ಡ ಕಾಕಾ: ನಮ್ಮ ಕಾಲದಲ್ಲಿ ಪದ ಹಾಡಿಕೊಂಡೇ ಖಣ ನೇಯುತ್ತಿದ್ದೆವು. ಒಂದು ಎಳೆ ತಪ್ಪುತ್ತಿರಲಿಲ್ಲ. ಈಗಿನವರಿಗೆ ಶ್ರದ್ಧೆ ಇಲ್ಲ.

ಇಳಕಲ್ ನೇಕಾರ: ಕಾಕಾ, ಶ್ರದ್ಧೆ ಇಲ್ಲದೆ 22 ವರ್ಷ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತಿದ್ದೇನಾ?

ಡಾಕ್ಟರ್: ಇಬ್ಬರದ್ದೂ ಸರಿ. ಕೈಗೆ ರೂಢಿಯಾದ ಲಾಳಿ ಎಸೆತಕ್ಕೆ ಹಾಡು ಅಡ್ಡ ಬರುವುದಿಲ್ಲ. ಎಣಿಕೆಗೆ, ಓದಿಗೆ ಮಾತಿರುವ ಹಾಡು ಅಡ್ಡ ಬರುತ್ತದೆ. ಮುಂದಿನವರು.

ಮುಧೋಳ ವಿದ್ಯಾರ್ಥಿ: ಮೇಡಂ, ಓದಲು ಕೂತರೆ ಹತ್ತು ನಿಮಿಷಕ್ಕೆ ರೀಲ್ಸ್ ಕಡೆ ಕೈ ಹೋಗುತ್ತದೆ. ನನಗೆ ಎಡಿಎಚ್‌ಡಿ, ಅಂದರೆ ಆ ಲಕ್ಷ್ಯ ನಿಲ್ಲದ, ಚಡಪಡಿಕೆಯ ತೊಂದರೆ ಇದೆಯಾ? ರೂಮ್‌ಮೇಟ್ ಹತ್ತಿರ ಲಕ್ಷ್ಯದ ಮಾತ್ರೆ ಇದೆ, ತೆಗೆದುಕೊಳ್ಳಲಾ?

ಡಾಕ್ಟರ್: ಬೇರೆಯವರ ಮಾತ್ರೆ ಮುಟ್ಟಬೇಡ ತಮ್ಮಾ. ನೋಡದೆ ಕೊಡುವ ಔಷಧ ಅಲ್ಲ ಅದು. ನಿದ್ದೆ ಕೆಡುತ್ತದೆ, ಎದೆ ಬಡಿತ ಏರುತ್ತದೆ. ಎಡಿಎಚ್‌ಡಿ ಇದ್ದರೆ ಅದರ ಲಕ್ಷಣ 12 ವರ್ಷದೊಳಗೇ ಕಂಡಿರಬೇಕು, ಅದೂ ಮನೆ, ಶಾಲೆ ಎರಡೂ ಕಡೆ. ಪರೀಕ್ಷೆ ಭಯ ಜಾಸ್ತಿ ಇದ್ದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್, ಸರ್ಕಾರದ ಉಚಿತ ಸೇವೆ. ಕನ್ನಡದಲ್ಲೇ ಮಾತಾಡಬಹುದು.

ಬಾದಾಮಿ ತಾಯಿ: ಮೇಡಂ, ಮಗಳಿಗೆ 7 ವರ್ಷ, ಎರಡನೇ ತರಗತಿ. ಲಕ್ಷ್ಯವೇ ಇಲ್ಲ ಎಂದು ಟೀಚರ್ ದಿನಾ ದೂರು ಹೇಳುತ್ತಾರೆ. ಉಕ್ತಲೇಖನದಲ್ಲಿ ನಡುವಿನ ಎರಡು ಮೂರು ಶಬ್ದ ಇರುವುದೇ ಇಲ್ಲ, ಮುಂದಿನದು ಸರಿ ಬರೆದಿರುತ್ತಾಳೆ. ಊಟಕ್ಕೆ ಕೂತಾಗಲೂ ತುತ್ತು ಕೈಯಲ್ಲಿ ಹಿಡಿದು ಸುಮ್ನೆ ನೋಡುತ್ತಾ ಕೂರುತ್ತಾಳೆ. ಎರಡು ಸಲ ಹೊಡೆದಿದ್ದೇನೆ.

ಹುನಗುಂದ ಸದಸ್ಯ: ಬಜೆ ತೇಯ್ದು ಜೇನಿನಲ್ಲಿ 21 ದಿನ ನೆಕ್ಕಿಸಿ ಅಕ್ಕಾ. ಬುದ್ಧಿ ಚುರುಕಾಗುತ್ತದೆ. ಕೂಸಿಗೂ ಕೊಡಬಹುದು. ಹತ್ತು ಜನರಿಗೆ ಕಳಿಸಿ.

ಡಾಕ್ಟರ್: ಬಾದಾಮಿ ತಾಯಿ, ಮೊದಲು ಉತ್ತರ ಕೊಡಿ. ಹಾಗೆ ನೋಡುವಾಗ ಹೆಸರು ಹಿಡಿದು ಕರೆದರೆ ತಿರುಗುತ್ತಾಳಾ? ಭುಜ ಮುಟ್ಟಿದರೆ? ಎಷ್ಟು ಹೊತ್ತು ಇರುತ್ತದೆ? ರೆಪ್ಪೆ ಅದುರುತ್ತಾ? ಆಮೇಲೆ ಏನು ಮಾಡುತ್ತಾಳೆ?

ಬಾದಾಮಿ ತಾಯಿ: ಕರೆದರೂ ಇಲ್ಲ, ಮುಟ್ಟಿದರೂ ಇಲ್ಲ. ಹತ್ತು ಸೆಕೆಂಡು ಇರಬಹುದು. ರೆಪ್ಪೆ ಪಟಪಟ ಅನ್ನುತ್ತದೆ. ಆಮೇಲೆ ಏನೂ ಆಗದ ಹಾಗೆ ತುತ್ತು ಬಾಯಿಗೆ ಹಾಕಿಕೊಳ್ಳುತ್ತಾಳೆ. ಕೇಳಿದರೆ ಏನೂ ಗೊತ್ತಿಲ್ಲ ಅನ್ನುತ್ತಾಳೆ. ದಿನಕ್ಕೆ ಎಷ್ಟೋ ಸಲ.

ಡಾಕ್ಟರ್: ಇದನ್ನು ಎಲ್ಲರೂ ಓದಿ, ಟೀಚರ್ ಇದ್ದರೆ ಅವರೂ ಓದಲಿ. ಬೇರೆ ಯೋಚನೆಯಲ್ಲಿ ಮುಳುಗಿದ ಮಗು ಮುಟ್ಟಿದರೆ ಎಚ್ಚರಾಗುತ್ತದೆ. ಈ ಮಗು ಆಗುತ್ತಿಲ್ಲ. ನಡುವಿನ ಶಬ್ದ ಬಿಟ್ಟುಹೋಗಿ ಮುಂದಿನದು ಸರಿ ಇದೆ ಅಂದರೆ, ಅಷ್ಟು ಹೊತ್ತು ಅವಳಿಗೆ ಏನೂ ಕೇಳಿಸಿಯೇ ಇಲ್ಲ. ಇದು ಮೂರ್ಛೆರೋಗದ ಒಂದು ಬಗೆ ಇರಬಹುದು. ಅಬ್ಸೆನ್ಸ್ ಅನ್ನುತ್ತೇವೆ. ಬೀಳುವುದಿಲ್ಲ, ನೊರೆ ಬರುವುದಿಲ್ಲ, ಕೈಕಾಲು ಸೆಳೆಯುವುದಿಲ್ಲ. ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ 4ರಿಂದ 10 ವರ್ಷದೊಳಗೆ ಶುರುವಾಗುತ್ತದೆ. ದಿನಕ್ಕೆ ಹತ್ತಾರು ಸಲ ಬರಬಹುದು. ಮಿದುಳಿನ ವಿದ್ಯುತ್ ಅಲೆ ಆ ಕೆಲವು ಸೆಕೆಂಡು ದಾರಿ ತಪ್ಪುತ್ತದೆ. ಇಇಜಿ ಮಾಡಿದರೆ ಗೆರೆಗಳಲ್ಲಿ ಕಾಣುತ್ತದೆ. ನೋವಿಲ್ಲದ ಪರೀಕ್ಷೆ, ತಲೆಗೆ ತಂತಿ ಅಂಟಿಸುತ್ತಾರೆ ಅಷ್ಟೇ. ಅದಾಗುವವರೆಗೆ ಇದೇ ರೋಗ ಎಂದು ನಾನು ಹೇಳುವುದಿಲ್ಲ. ಆದರೆ ತಡ ಮಾಡಬೇಡಿ. ಇದೇ ಆಗಿದ್ದರೆ ಒಳ್ಳೆಯ ಔಷಧ ಇದೆ. ಬಹಳಷ್ಟು ಮಕ್ಕಳಿಗೆ ದೊಡ್ಡವರಾಗುವಷ್ಟರಲ್ಲಿ ನಿಂತೂ ಹೋಗುತ್ತದೆ. ಮೂರ್ಛೆಯ ಎಲ್ಲ ಮಾತ್ರೆಯೂ ಇದಕ್ಕೆ ಆಗುವುದಿಲ್ಲ, ಕೆಲವು ಜಾಸ್ತಿ ಮಾಡುತ್ತವೆ. ಯಾರ ಮನೆಯ ಹಳೇ ಚೀಟಿಯನ್ನೂ ಅಂಗಡಿಗೆ ಒಯ್ಯಬೇಡಿ.

ಸದ್ಯಕ್ಕೆ ಇಷ್ಟು ಮಾಡಿ. ಮುಂದಿನ ಸಲ ಬಂದಾಗ ಫೋನಿನಲ್ಲಿ ವಿಡಿಯೋ ಹಿಡಿಯಿರಿ. ಒಲೆ ಹತ್ತಿರ, ತೆರೆದ ನೀರಿನ ಟಾಕಿ ಹತ್ತಿರ ಒಬ್ಬಳನ್ನೇ ಬಿಡಬೇಡಿ. ಅಗಸ್ತ್ಯತೀರ್ಥಕ್ಕೆ ಬಟ್ಟೆ ಒಗೆಯಲು ಹೋದಾಗ ಅವಳನ್ನು ನೀರಿಗೆ ಇಳಿಸಬೇಡಿ. ರಸ್ತೆಯಲ್ಲಿ ಸೈಕಲ್ ಬೇಡ. ಕೈಕಾಲು ಸೆಳೆದು ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಮತ್ತೆ, ಇನ್ನು ಹೊಡೆಯಬೇಡಿ ತಾಯಿ.

ಬಾದಾಮಿ ತಾಯಿ: ಹೊಡೆದದ್ದು ನೆನೆದರೆ ಸಂಕಟ ಆಗುತ್ತಿದೆ ಮೇಡಂ.

ಹುನಗುಂದ ಸದಸ್ಯ: ಮೂರ್ಛೆ ಆದರೆ ಕೈಯಲ್ಲಿ ಕಬ್ಬಿಣದ ಕೀಲಿ ಕೊಡಿ, ಈರುಳ್ಳಿ ಮೂಸಿಸಿ. ತಕ್ಷಣ ಇಳಿಯುತ್ತದೆ.

ಡಾಕ್ಟರ್: ಇಳಿಯುವುದು ಕೀಲಿಯಿಂದ ಅಲ್ಲ. ಹೆಚ್ಚಿನ ಮೂರ್ಛೆ ಎರಡು ಮೂರು ನಿಮಿಷದಲ್ಲಿ ತಾನೇ ನಿಲ್ಲುತ್ತದೆ, ಹೆಸರು ಮಾತ್ರ ಕೀಲಿಗೆ ಬರುತ್ತದೆ. ಬಾಯಿಗೆ ಏನೂ ತುರುಕಬೇಡಿ, ಒಂದು ಮಗ್ಗುಲಿಗೆ ಮಲಗಿಸಿ. ಮತ್ತೆ ನಿಮ್ಮ ಬಜೆ: ಅದರಲ್ಲಿ ವಿಷದ ಅಂಶ ಇದೆ. ವರ್ಷ ತುಂಬದ ಕೂಸಿಗೆ ಜೇನು ಕೊಡಲೇಬಾರದು. ಮಕ್ಕಳಿಗೆ ವಾಂತಿ ಶುರುವಾದ ಮೇಲೆ ಓಡಿ ಬರುವುದು ನಮ್ಮ ಹತ್ತಿರ, ನಿಮ್ಮ ಹತ್ತಿರ ಅಲ್ಲ. ದಯವಿಟ್ಟು ನಿಲ್ಲಿಸಿ.

ಹುನಗುಂದ ಸದಸ್ಯ: ನಮ್ಮ ಅಜ್ಜಿ ಎಂಟು ಮಕ್ಕಳಿಗೆ ಬಜೆ ಕೊಟ್ಟಿದ್ದರು.

ನವನಗರ ನರ್ಸ್: ಅದರಲ್ಲಿ ಎಷ್ಟು ಉಳಿದವು ಅಂತಾನೂ ಹೇಳಿ ಅಣ್ಣಾ.

ಅಡ್ಮಿನ್: ವೈಯಕ್ತಿಕ ಮಾತು ಬೇಡ.

ಜಮಖಂಡಿ ಅಕ್ಕ: ಮೇಡಂ, ರೊಟ್ಟಿ ಬಡಿಯುವಾಗ ಹಂಚಿನ ಮೇಲಿದ್ದದ್ದು ಕರಕಲಾಗುತ್ತದೆ. ಕುಕ್ಕರ್ ಸೀಟಿ ಎಷ್ಟಾಯಿತು ಗೊತ್ತಾಗುವುದಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಮುಟ್ಟು ಎಂಟು ದಿನ ಇರುತ್ತದೆ.

ಮಹಾಲಿಂಗಪುರ ವ್ಯಾಪಾರಿ: ಮನೆಯಲ್ಲೇ ಇರುವವರಿಗೆ ಎಂಥಾ ಲಕ್ಷ್ಯದ ತೊಂದರೆ? ಸೀರಿಯಲ್ ಬಂದ್ ಮಾಡಿ.

ಜಮಖಂಡಿ ಅಕ್ಕ: ಒಂದು ರೊಟ್ಟಿ ಮುಗಿಯುವುದರೊಳಗೆ ಅತ್ತೆ ಮಾತ್ರೆ ಕೇಳುತ್ತಾರೆ, ಇವರು ಟಾವೆಲ್ ಕೇಳುತ್ತಾರೆ, ಹುಡುಗ ಸಾಕ್ಸ್ ಕೇಳುತ್ತಾನೆ. ನೀವು ಗಲ್ಲಾದ ಮೇಲೆ ನೋಟು ಎಣಿಸುವಾಗ ಮೂರು ಜನ ಕೂಗಲಿ, ಆಮೇಲೆ ಹೇಳಿ.

ಮಹಾಲಿಂಗಪುರ ವ್ಯಾಪಾರಿ: ನಮ್ಮ ಮನೆಯವರು ಎಂದೂ ಹೀಗೆ ಹೇಳಿಲ್ಲ.

ನವನಗರ ನರ್ಸ್: ಕೇಳಿದ್ದೀರಾ ಎಂದಾದರೂ?

ಡಾಕ್ಟರ್: ವ್ಯಾಪಾರಿಗಳೇ, ಸುಮ್ಮನಿರಿ. ಅಕ್ಕಾ, ನಾಳೆಯೇ ಹಿಮೋಗ್ಲೋಬಿನ್ ನೋಡಿಸಿ. ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಥೈರಾಯ್ಡ್ ಕೂಡ ನೋಡಿಸಿ. ರಕ್ತ ಕಡಿಮೆಯಾದರೆ ಲಕ್ಷ್ಯ ನಿಲ್ಲುವುದಿಲ್ಲ. ಎಂಟು ದಿನದ ಮುಟ್ಟಿಗೆ ಸ್ತ್ರೀರೋಗ ತಜ್ಞರನ್ನೂ ಕಾಣಿ. ರೊಟ್ಟಿ ಮುಗಿಯುವವರೆಗೆ ಟಾವೆಲ್ ಅವರೇ ತೆಗೆದುಕೊಳ್ಳಲಿ.

ಬೀಳಗಿ ಸದಸ್ಯ: ಪೂಜೆಗೆ ಕೂತಾಗ ಮನಸ್ಸು ಎಲ್ಲೆಲ್ಲೋ ಹೋಗುತ್ತದೆ ಮೇಡಂ. ಏನು ಮಾಡಲಿ?

ತೇರದಾಳ ಸದಸ್ಯ: ನನಗೂ ರೀಲ್ಸ್ ಚಟ. ಎಡಿಎಚ್‌ಡಿ ಇರಬಹುದಾ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಲೋಕಾಪುರ ಸದಸ್ಯ: ಎಡಿಎಚ್‌ಡಿಗೆ ಬಾದಾಮಿ ನೆನೆಸಿ ತಿಂದರೆ ಸಾಕಾ?

ಡಾಕ್ಟರ್: ಇಲ್ಲ.

ಬೀಳಗಿ ಸದಸ್ಯ: ನನ್ನ ಪ್ರಶ್ನೆ ಮೇಡಂ?

ಗುಳೇದಗುಡ್ಡ ಕಾಕಾ: ಎಲ್ಲದಕ್ಕೂ ರೋಗದ ಹೆಸರು ಇಡುತ್ತಾರೆ ಈಗ. ಆ ಹುಡುಗಿಗೂ ಬರೀ ಹೆದರಿಕೆ ಹಾಕಿದರು.

ಇಳಕಲ್ ನೇಕಾರ: ಕಾಕಾ, ಮಗುವಿನ ವಿಷಯದಲ್ಲಿ ನಮಗೆ ಗೊತ್ತಿಲ್ಲದ್ದು ಮಾತಾಡುವುದು ಬೇಡ.

ಬಾದಾಮಿ ತಾಯಿ: ಮೇಡಂ, ಈಗ ಊಟದ ಹೊತ್ತಿಗೆ ಬಂತು. ವಿಡಿಯೋ ಹಿಡಿದು ನಿಮಗೊಬ್ಬರಿಗೇ ಕಳಿಸಿದ್ದೇನೆ.

ಡಾಕ್ಟರ್: ನೋಡಿದೆ. ಹನ್ನೊಂದು ಸೆಕೆಂಡು. ಒಳ್ಳೆಯದು ಮಾಡಿದಿರಿ, ಗುಂಪಿಗೆ ಹಾಕಬೇಡಿ. ಮಕ್ಕಳ ನರರೋಗ ತಜ್ಞರ ಜೊತೆ ನಾನೇ ಈಗ ಮಾತಾಡುತ್ತೇನೆ. ನಾಳೆ ಬೆಳಿಗ್ಗೆ ಕರೆದುಕೊಂಡು ಬನ್ನಿ. ಉಪವಾಸ ಬೇಡ, ನಾಷ್ಟಾ ಮಾಡಿಸಿಕೊಂಡೇ ಬನ್ನಿ. ತಲೆ ತೊಳೆದಿರಲಿ, ಎಣ್ಣೆ ಹಚ್ಚಬೇಡಿ, ತಂತಿ ಅಂಟುವುದಿಲ್ಲ. ಉಕ್ತಲೇಖನದ ವಹಿ ತನ್ನಿ.

ಬಾದಾಮಿ ತಾಯಿ: ಸಂಜೆಯೇ ಎಣ್ಣೆ ಹಚ್ಚಿ ಜಡೆ ಹಾಕಿದ್ದೆ ಮೇಡಂ. ಈಗಲೇ ನೀರು ಕಾಯಿಸುತ್ತೇನೆ.